ಬೋರ್ ನೀರಿನಲ್ಲಿ ರೋಲರ್ ವಾಷಿಂಗ್ ಮಷೀನ್
ಬಟ್ಟೆಯನ್ನು ನಡುವೆ ತೂರಿಸಿ ಹಿಂಡುವ ಎರಡು ರಬ್ಬರ್ ರೋಲರ್ ಇರುವ ಹಳೇ ವಾಷಿಂಗ್ ಮಷೀನು ಚಿತ್ರದುರ್ಗದಂಥ ನೀರಿನ ಬರದ ಊರಿಗೆ ಹೇಳಿ ಮಾಡಿಸಿದ್ದು. ಹಿಂಡಿದ ಸೋಪಿನ ನೀರು ತೊಟ್ಟಿಗೇ ಮರಳುವುದರಿಂದ ಅದೇ ನೀರಲ್ಲಿ ಮೂರು ಸರದಿ ಒಗೆಯಬಹುದು: ಮೊದಲು ಬಿಳಿ ಪಂಚೆ, ಆಮೇಲೆ ಬಣ್ಣದ ಬಟ್ಟೆ, ಕೊನೆಗೆ ಹೊಲದ ಬಟ್ಟೆ.

ಅಮೆರಿಕದ ಮಷೀನಾದರೆ 120 ವೋಲ್ಟಿನದು. ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಮೋಟಾರು ಸುಟ್ಟುಹೋಗುತ್ತದೆ; ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಆ ಮಷೀನಿನದು 60 ಹರ್ಟ್ಸ್ (ಸೆಕೆಂಡಿಗೆ 60 ಆವರ್ತನೆ) ಕರೆಂಟಿನ ಮೋಟಾರು, ಇಲ್ಲಿನ 50 ಹರ್ಟ್ಸಿನಲ್ಲಿ ನಿಧಾನ ತಿರುಗಿ ಹೆಚ್ಚು ಬಿಸಿಯಾಗುತ್ತದೆ, ನಡುನಡುವೆ ನಿಲ್ಲಿಸಿ. ಅರ್ಥಿಂಗ್ ಇಲ್ಲದಿದ್ದರೆ ಮುಟ್ಟಲೇಬೇಡಿ.

ಗಡಸು ಬೋರ್ ನೀರಿಗೆ ಬರೀ ಸೋಪು ಹಾಕಿದರೆ ನೊರೆ ಬರದೆ ಬೂದು ಜಿಡ್ಡು ಬಟ್ಟೆಗೆ ಅಂಟುತ್ತದೆ. 40 ಲೀಟರಿಗೆ ನಾಲ್ಕು ದೊಡ್ಡ ಚಮಚ ವಾಷಿಂಗ್ ಸೋಡಾ ಮೊದಲು ಕರಗಿಸಿ, ಆಮೇಲೆ ಡಿಟರ್ಜೆಂಟ್ ಪುಡಿ ಹಾಕಿ. ರೇಷ್ಮೆ, ಉಣ್ಣೆಗೆ ಸೋಡಾ ಬೇಡ.

ನಿಜವಾದ ಅಪಾಯ ಹಿಂಡುವಾಗ. ಸೆರಗು, ಬಳೆ, ಬಿಚ್ಚಿದ ಜಡೆ ಸಿಕ್ಕರೆ ರೋಲರು ಕೈಯನ್ನೂ ಎಳೆದುಕೊಳ್ಳುತ್ತದೆ. ಒತ್ತಡ ಬಿಡಿಸುವ ಹಿಡಿಕೆ ಸರಿಯಿದೆಯೇ ಎಂದು ಪ್ರತಿಸಲ ಮೊದಲೇ ನೋಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಗುಂಡಿ ಒಳಕ್ಕೆ ಮಡಚಿ ಬಟ್ಟೆಯನ್ನು ಚಪ್ಪಟೆಯಾಗಿ ಕೊಡಿ, ಇಲ್ಲದಿದ್ದರೆ ಗುಂಡಿ ಒಡೆಯುತ್ತದೆ. ಜೀನ್ಸಿಗೆ ಒತ್ತಡ ಸಡಿಲಿಸಿ. ಕೆಲಸ ಮುಗಿದ ಮೇಲೆ ರೋಲರ್ ಒರೆಸಿ ಪೂರ್ತಿ ಸಡಿಲ ಬಿಡಿ. ಬಿಗಿಯಾಗೇ ಇಟ್ಟರೆ ರಬ್ಬರಿನಲ್ಲಿ ತಗ್ಗು ಬಿದ್ದು ಮುಂದೆ ಸರಿಯಾಗಿ ಹಿಂಡುವುದಿಲ್ಲ.