ಗದ್ದೆಯ ಚಿತ್ರವನ್ನು ಗದ್ದೆಯವರಿಗೇ ತೋರಿಸಿ

ಮನೆಯಲ್ಲಿ ಒಬ್ಬರೇ ಕೂತು ಜಲವರ್ಣದಲ್ಲಿ ಚಿತ್ರ ಬರೆಯುವವರಿಗೆ ‘ಚೆನ್ನಾಗಿದೆ’ ಎಂಬ ಮಾತಿಗೆ ಬರವಿಲ್ಲ. ಆದರೆ ಆ ಮಾತು ಕೇಳಿ ಮುಂದಿನ ಹಾಳೆಯಲ್ಲಿ ಏನು ಬದಲಿಸಬೇಕೆಂದು ತಿಳಿಯುವುದಿಲ್ಲ. ‘ಹೇಗಿದೆ?’ ಎಂದು ಕೇಳಿದರೆ ಮನೆಯವರಾಗಲಿ ಸ್ನೇಹಿತರಾಗಲಿ ಇನ್ನೇನು ತಾನೇ ಹೇಳಿಯಾರು? ಆ ಪ್ರಶ್ನೆಯನ್ನು ನಾನು ಬಿಟ್ಟಿದ್ದೇನೆ. ಎದುರಿಗಿರುವವರಿಗೆ ನನಗಿಂತ ಚೆನ್ನಾಗಿ ಗೊತ್ತಿರುವುದನ್ನು ಮಾತ್ರ ಕೇಳುತ್ತೇನೆ.

ನಾನು ಹೆಚ್ಚಾಗಿ ಬರೆಯುವುದು ಮಂಡ್ಯ ಸೀಮೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಗದ್ದೆ ಬಯಲು. ಹಾಳೆಯನ್ನು ರೈತರ ಮುಂದೆ ಹಿಡಿದು, “ಗೌಡ್ರೆ, ಈ ಪೈರು ನಾಟಿಯಾಗಿ ಎಷ್ಟು ದಿನ ಆಗಿರಬೋದು?” ಎನ್ನುತ್ತೇನೆ. ಹದಿನೈದು ದಿನದ ಪೈರು ಎಂದುಕೊಂಡು ಬರೆದದ್ದಕ್ಕೆ “ಹೊಡೆ ಆಗದೆ ಅಲ್ವಾ?” (ತೆನೆ ಹೊರಡುವ ಹಂತಕ್ಕೆ ಬಂದಿದೆಯಲ್ಲವೇ) ಎಂಬ ಉತ್ತರ ಬಂದರೆ ಹಸಿರು ಕೆಟ್ಟಿದೆ ಎಂದರ್ಥ. ಹೊಸ ನಾಟಿಯ ಗದ್ದೆಯಲ್ಲಿ ಗುಣಿಗಳ ನಡುವೆ ನೀರು ಕಾಣುತ್ತದೆ, ನೀರಿನಲ್ಲಿ ಆಕಾಶ ಕಾಣುತ್ತದೆ. ಹಾಗಾಗಿ ಮೊದಲು ಗದ್ದೆಗೂ ಆಕಾಶದ ಬಣ್ಣವನ್ನೇ ತೆಳುವಾಗಿ ಬಳಿದು, ಪೂರ್ತಿ ಒಣಗಿದ ಮೇಲೆ ನಿಂಬೆ ಹಳದಿಗೆ ಅಲ್ಟ್ರಾಮರೀನ್ ನೀಲಿಯನ್ನು ತುಸುವೇ ಬೆರೆಸಿ, ನೀರು ಹಿಂಡಿದ ಬ್ರಷ್‌ನಿಂದ ಗೆರೆ ಎಳೆಯಬೇಕು. ಅವಸರಪಟ್ಟು ಹಸಿಯಲ್ಲೇ ಎಳೆದರೆ ಗೆರೆಗಳು ಹರಡಿ ಕೂಡಿಕೊಳ್ಳುತ್ತವೆ. ಪೈರು ದಟ್ಟವಾಗಿ ನೀರು ಮುಚ್ಚಿದಂತೆ ಕಾಣುತ್ತದೆ. ರೈತರು ಹೊಡೆ ಎಂದದ್ದು ಅದಕ್ಕೇ. ತೆನೆ ಬಾಗಿದ ಗದ್ದೆಯಲ್ಲಿ ಇದಕ್ಕೆ ಬೇರೆಯೇ ಲೆಕ್ಕ: ಮೇಲೆ ಹಳದಿ, ಬುಡದಲ್ಲಿ ಇನ್ನೂ ಹಸಿರು. ಅಲ್ಲಿ ಹಸಿರಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸದಿದ್ದರೆ ಪ್ಲಾಸ್ಟಿಕ್ಕಿನ ಹಸಿರಾಗುತ್ತದೆ.

ಕಬ್ಬಿನ ಗದ್ದೆಯನ್ನು ನೋಡಿ “ಇದು ಜೋಳಾನಾ?” ಎಂದರೆ ಎಲೆಯ ಬಾಗು ತಪ್ಪಿದೆ, ಅಥವಾ ಕಬ್ಬಿನ ಹೂವಾದ ಸೂಲಂಗಿಯನ್ನು ಗಟ್ಟಿ ಬಿಳಿಯಲ್ಲಿ ಬಳಿದು ತೆನೆಯಂತೆ ಮಾಡಿದ್ದೇವೆ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲನ್ನು ಬರೆದವರು ಹೂ ಮಾರುವವರಿಗೇ ತೋರಿಸಲಿ: “ಅಕ್ಕಾ, ಇದ್ರಲ್ಲಿ ಯಾವ್ಯಾವ ಹೂ ಇದೆ ಹೇಳಿ.” ಕನಕಾಂಬರವನ್ನು ಅವರು ಚೆಂಡುಹೂ ಎಂದರೆ ಬಣ್ಣವನ್ನೊಂದೇ ದೂರಬೇಡಿ, ರಾಶಿಯ ಅಂಚನ್ನೂ ನೋಡಿ. ಚೆಂಡುಹೂವಿನ ರಾಶಿಗೆ ಗುಂಡನೆಯ ಉಬ್ಬುಗಳಿರುತ್ತವೆ, ಕನಕಾಂಬರದ ಎಸಳು ತೆಳು, ಅಂಚು ಚದುರಿದಂತಿರುತ್ತದೆ. ಬೆಳಗಿನ ವ್ಯಾಪಾರದ ಹೊತ್ತಿನಲ್ಲಿ ಮಾತ್ರ ಕೇಳಬೇಡಿ, ಅವರಿಗೂ ಪುರುಸೊತ್ತಿರುವುದಿಲ್ಲ.

ಮನೆಯವರಿಗೆ ಬೇರೆ ಪರೀಕ್ಷೆ. ಚಿತ್ರವನ್ನು ಐದು ಎಣಿಸುವಷ್ಟು ಹೊತ್ತು ತೋರಿಸಿ, ಮಗುಚಿ, ‘ಏನು ನೆನಪಿದೆ?’ ಎಂದು ಕೇಳುವುದು. ನಾನು ಮುಖ್ಯ ಎಂದುಕೊಂಡ ಎತ್ತಿನ ಗಾಡಿಯನ್ನು ಬಿಟ್ಟು ಮೂಲೆಯ ಕಂಬವನ್ನು ಹೇಳಿದರೆ, ಹೆಚ್ಚಿನ ಪಾಲು ಅತಿ ಗಾಢ ಬಣ್ಣ ಅತಿ ತಿಳಿ ಬಣ್ಣದ ಪಕ್ಕಕ್ಕೆ ಬಂದಿರುವುದು ಆ ಕಂಬದಲ್ಲೇ. ಒಬ್ಬರು ಹೇಳಿದ್ದಕ್ಕೆ ತಿದ್ದುವುದಿಲ್ಲ. ಮೂವರು ಬೇರೆ ಬೇರೆ ದಿನ ಅದನ್ನೇ ಹೇಳಿದರೆ ತಿದ್ದುತ್ತೇನೆ.

ಯಾರೂ ಇಲ್ಲದಾಗಲೂ ಮಾಡಬಹುದಾದದ್ದಿದೆ. ಮುಗಿದ ಚಿತ್ರವನ್ನು ಹತ್ತು ದಿನ ಗೋಡೆಗೆ ಮುಖ ಮಾಡಿ ಇಟ್ಟು, ಆಮೇಲೆ ಕನ್ನಡಿಯಲ್ಲಿ ನೋಡುವುದು. ವಾಲಿದ ಗೋಪುರ, ಒಂದೇ ಕಡೆ ತೂಗುವ ಮರ ತಟ್ಟನೆ ಕಾಣುತ್ತವೆ. ಫೋನಿನಲ್ಲಿ ಫೋಟೋ ತೆಗೆದು ಬಣ್ಣವನ್ನೆಲ್ಲ ಸೊನ್ನೆಗಿಳಿಸಿ ಕಪ್ಪುಬಿಳುಪು ಮಾಡಿ ನೋಡುವುದು. ಈ ಫೋಟೋದಲ್ಲಿ ಚಿತ್ರದ ಪಕ್ಕ ಒಂದು ಬಿಳಿ ಹಾಳೆಯ ತುಂಡೂ ಇರಬೇಕು, ಇಲ್ಲದಿದ್ದರೆ ಫೋನು ತಾನೇ ಬೆಳಕು ಹೊಂದಿಸಿಕೊಂಡು ಮೋಸ ಮಾಡುತ್ತದೆ. ಎರಡು ಸೆಂಟಿಮೀಟರ್ ಅಗಲದ ಪಟ್ಟಿಯ ಮೇಲೆ ಬಿಳಿಯಿಂದ ಕಪ್ಪಿನವರೆಗೆ ಐದು ಮೆಟ್ಟಿಲು ಬಳಿದಿಟ್ಟುಕೊಂಡು ಅದಕ್ಕೆ ಹೋಲಿಸುತ್ತೇನೆ. ಒಂಟಿಯಾಗಿ ಕಲಿತವರ ಚಿತ್ರಗಳಲ್ಲಿ ಸಾಮಾನ್ಯವಾಗಿ ನಡುವಿನ ಮೂರು ಮೆಟ್ಟಿಲು ಮಾತ್ರ ಇರುತ್ತವೆ. ಗಾಢ ಬಣ್ಣ ಹಾಕಲು ಕೈ ಹೆದರುತ್ತದೆ. ಜಲವರ್ಣ ಒಣಗಿದ ಮೇಲೆ ಮಂಕಾಗುವುದರಿಂದ, ಹಸಿಯಲ್ಲಿ ‘ಸ್ವಲ್ಪ ಹೆಚ್ಚಾಯಿತು’ ಎನಿಸುವಷ್ಟು ಹಾಕಿದರೇ ಸರಿಯಾದೀತು.

ಸಾಮಗ್ರಿಯ ತಪ್ಪನ್ನು ಕೈಯ ತಪ್ಪು ಎಂದು ತಿಳಿದು ಕೊರಗುವುದೂ ಉಂಟು. ಮಳೆಗಾಲದಲ್ಲಿ ಕಾಗದ ತೇವ ಎಳೆದುಕೊಂಡು ಅದರ ಅಂಟಿನ ಲೇಪ ಕೆಡುತ್ತದೆ. ಬಣ್ಣ ಅಲ್ಲಲ್ಲಿ ಹೀರಿ ಕಲೆ ಕಲೆಯಾಗುತ್ತದೆ. ಅನುಮಾನ ಬಂದರೆ ಹಾಳೆಯ ಮೂಲೆಗೆ ತೆಳು ನೀಲಿ ಬಳಿದು ನೋಡಿ. ಚುಕ್ಕೆ ಬಂದರೆ ಆ ಹಾಳೆ ಪೆನ್ಸಿಲ್ ಕೆಲಸಕ್ಕೆ. ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಗೋಡೆಗೆ ತಾಗದಂತೆ ಇಡಿ. 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ ದುಬಾರಿ, ಆದರೆ ಎರಡನೇ ಮೂರನೇ ಪದರ ತಾಳುವುದು ಅದೇ. ಹಾಗೆಯೇ ಹಳದಿ ಬಲ್ಬಿನ ಕೆಳಗೆ ರಾತ್ರಿ ಕಲಸಿದ ಹಸಿರನ್ನು ಬೆಳಿಗ್ಗೆ ಹಗಲು ಬೆಳಕಿನಲ್ಲಿ ನೋಡದೆ ಯಾರಿಗೂ ತೋರಿಸಬೇಡಿ.

ಗುರುವಿಲ್ಲದವರಿಗೆ ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯೇ ಪಾಠಶಾಲೆ. ರವಿವರ್ಮನದೆಂದು ಎಷ್ಟೋ ಜನ ತಿಳಿದಿರುವ ದೀಪ ಹಿಡಿದ ಹೆಂಗಸಿನ ಚಿತ್ರ ಎಸ್.ಎಲ್. ಹಳದಣಕರ್ ಅವರದು, ಅದೂ ಜಲವರ್ಣ. ಅದರ ಮುಂದೆ ಅರ್ಧ ಗಂಟೆ ನಿಂತು ಬರೀ ಬೆಳಕನ್ನು ಲೆಕ್ಕ ಹಾಕಿ: ದೀಪಕ್ಕೆ ಅಡ್ಡ ಹಿಡಿದ ಬೆರಳುಗಳಲ್ಲಿ ಕೆಂಪು ಎಲ್ಲಿ ಶುರು, ಮುಖದ ಮೇಲಿನ ಬೆಳಕು ಎಲ್ಲಿ ಮುಗಿಯಿತು, ಸೀರೆಯ ಯಾವ ಮಡಿಕೆ ಕತ್ತಲೆಗೆ ಸೇರಿತು. ಮನೆಗೆ ಬಂದು ನೆನಪಿನಿಂದ ಅಂಗೈಯಷ್ಟಗಲದ ಒಂದು ಕಪ್ಪುಬಿಳುಪು ನಕ್ಷೆ ಬರೆಯಿರಿ. ಎಲ್ಲಿ ನೆನಪಾಗುವುದಿಲ್ಲವೋ ಅಲ್ಲಿ ನೀವು ನೋಡಿಲ್ಲ, ಮತ್ತೆ ಹೋಗಿ. ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅಷ್ಟೊಂದು ಜನರನ್ನು ಗೋಜಲಿಲ್ಲದೆ ಸಾಲು ಸಾಲಾಗಿ ಕೂಡಿಸುವುದು ಹೇಗೆ ಎಂಬುದಕ್ಕೆ ಅಲ್ಲಿಗೇ ಹೋಗಬೇಕು.

ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಕಲಿತವರು, ಅನುಭವಿ ಕಲಾವಿದರು ಸಿಕ್ಕರೆ ಮೂವತ್ತು ಚಿತ್ರ ಹೊತ್ತುಕೊಂಡು ಹೋಗಬಾರದು. ಮೂರು ಸಾಕು, ಅದರಲ್ಲಿ ಒಂದು ಕೆಟ್ಟದ್ದಿರಲಿ. “ಸರ್, ಈ ದೂರದ ಮರಗಳು ಯಾಕೆ ಮುಂದಕ್ಕೆ ಬಂದಂತೆ ಕಾಣುತ್ತವೆ?” ಎಂಬಷ್ಟು ಚಿಕ್ಕ ಪ್ರಶ್ನೆಗೆ ಹದಿನೈದು ನಿಮಿಷದಲ್ಲಿ ನಿಜವಾದ ಉತ್ತರ ಸಿಗುತ್ತದೆ. ಅವರು ಮಾತಾಡುವಾಗ ಸಮರ್ಥನೆ ಕೊಡದೆ ಬರೆದುಕೊಳ್ಳಿ.

ಯಾವ ದಾರಿ ಹಿಡಿಯಬೇಕೆಂಬುದನ್ನು ಮಾತ್ರ ಯಾರನ್ನೂ ಕೇಳುವುದಿಲ್ಲ. ವರ್ಷಕ್ಕೊಮ್ಮೆ ಮೂವತ್ತು ಹಾಳೆಗಳನ್ನು ನೆಲದ ಮೇಲೆ ಹರಡಿ, ಯಾರ ಒತ್ತಾಯವೂ ಇಲ್ಲದೆ ಎರಡನೇ ಸಲ ಬರೆದ ವಿಷಯಗಳನ್ನು ಬೇರೆ ಇಡುತ್ತೇನೆ. ಅಲ್ಲಿ ಹೆಚ್ಚು ಬಂದದ್ದನ್ನೇ ಮುಂದಿನ ಹನ್ನೆರಡು ಹಾಳೆಗೆ ಹಿಡಿಯುತ್ತೇನೆ. ಒಂದೊಂದು ಹಾಳೆಯಲ್ಲೂ ಒಂದನ್ನೇ ಬದಲಿಸುವುದು: ಹೊತ್ತು, ಇಲ್ಲವೇ ದಿಗಂತದ ಎತ್ತರ, ಇಲ್ಲವೇ ಬಣ್ಣಗಳ ಸಂಖ್ಯೆ. ಎರಡು ಬದಲಿಸಿದರೆ ಯಾವುದರಿಂದ ಸುಧಾರಿಸಿತೆಂದು ತಿಳಿಯದು. ಹಾಳೆಯ ಹಿಂದೆ ತಾರೀಖು, ಬದಲಿಸಿದ್ದು, ಕೇಳಿದ ಪ್ರಶ್ನೆ, ಬಂದ ಉತ್ತರ. ನಾಲೆಗೆ ನೀರು ಬಿಟ್ಟು ನಾಟಿ ಶುರುವಾದ ವಾರ, ಹೋದ ವರ್ಷದ ಮೊದಲ ಹಾಳೆಯನ್ನು ಕೈಯಲ್ಲಿ ಹಿಡಿದು ಅದೇ ಬದುವಿನ ಮೇಲೆ ನಿಂತು ಮತ್ತೆ ಶುರು.