ಸಂಕಲನವನ್ನು ಕಾದಂಬರಿಯ ಹಾಗೆ ಓದಬೇಡಿ

ಕಥೆಗಳೂ ಪ್ರಬಂಧಗಳೂ ಕೂಡಿರುವ ಸಂಕಲನ ಕೈಗೆ ಸಿಕ್ಕರೆ ಬಹಳ ಮಂದಿ ಮೊದಲ ಪುಟದಿಂದ ಶುರುಮಾಡಿ, ಒಂದು ಮುಗಿದೊಡನೆ ಇನ್ನೊಂದಕ್ಕೆ ಕೈಹಾಕುತ್ತಾರೆ. ಅರ್ಧಕ್ಕೆ ಬರುವಷ್ಟರಲ್ಲಿ ಯಾರ ಕಥೆ ಯಾವುದು ಎಂಬುದೇ ಕಲಸಿಹೋಗಿ ಪುಸ್ತಕ ಕಪಾಟು ಸೇರುತ್ತದೆ. ಹತ್ತಿಪ್ಪತ್ತು ಮಂದಿ ಬೇರೆ ಬೇರೆ ಹೊತ್ತಿನಲ್ಲಿ ಆಡಿದ ಮಾತನ್ನು ಒಂದೇ ಉಸಿರಿನಲ್ಲಿ ಕೇಳಲು ಹೊರಟರೆ ಆಗುವುದೇ ಹೀಗೆ.

ನಾನು ಮೊದಲು ನೋಡುವುದು ಪರಿವಿಡಿ, ಆಮೇಲೆ ಕೊನೆಯ ಪುಟಗಳು. ಯಾವ ಬರಹ ಎಲ್ಲಿ, ಯಾವ ವರ್ಷ ಮೊದಲು ಪ್ರಕಟವಾಯಿತು ಎಂಬ ವಿವರ ಅನೇಕ ಸಂಕಲನಗಳಲ್ಲಿ ಅಲ್ಲಿರುತ್ತದೆ. ಆ ವರ್ಷಗಳನ್ನು ಪರಿವಿಡಿಯಲ್ಲಿ ಶೀರ್ಷಿಕೆಗಳ ಪಕ್ಕ ಪೆನ್ಸಿಲಿನಿಂದ ಬರೆದುಕೊಳ್ಳಿ. ಸಂಪಾದಕರು ಕಾಲಾನುಕ್ರಮದಲ್ಲಿ ಜೋಡಿಸಿದ್ದಾರೆಯೇ, ವಸ್ತುವನ್ನು ನೋಡಿ ಜೋಡಿಸಿದ್ದಾರೆಯೇ ಎಂಬುದು ತಿಳಿಯುತ್ತದೆ. ಪತ್ರ ಬರೆದು ಉತ್ತರಕ್ಕಾಗಿ ವಾರಗಟ್ಟಲೆ ಕಾಯುವ ಪಾತ್ರವನ್ನು ಮೊಬೈಲ್ ಕಾಲದ ಅವಸರದಿಂದ ಅಳೆಯುವುದೂ ತಪ್ಪುತ್ತದೆ. ಮುನ್ನುಡಿಯನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಎಷ್ಟೋ ಮುನ್ನುಡಿಗಳು ಕಥೆಯ ಅಂತ್ಯವನ್ನು ಬಿಟ್ಟುಕೊಟ್ಟುಬಿಡುತ್ತವೆ. ಅಲ್ಲದೆ, ಎಲ್ಲವನ್ನೂ ಓದಿಯಾದ ಮೇಲೆ ಸಂಪಾದಕರ ಆಯ್ಕೆಯೊಡನೆ ಜಗಳವಾಡುವ ಸುಖವೇ ಬೇರೆ.

ಕಥೆಯನ್ನು ಕುಳಿತ ಹಾಗೆಯೇ ಓದಿ ಮುಗಿಸಿ. 1842ರಲ್ಲಿ ಬರೆದ ಒಂದು ವಿಮರ್ಶೆಯಲ್ಲಿ ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ ಇದನ್ನೇ ಒತ್ತಿ ಹೇಳಿದ್ದ: ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಮುಗಿಯುವ ಕಥೆ ಓದುಗನನ್ನು ಪೂರ್ತಿಯಾಗಿ ಹಿಡಿದಿಡುತ್ತದೆ, ನಡುವೆ ಲೋಕದ ವ್ಯವಹಾರ ನುಗ್ಗಿದರೆ ಆ ಹಿಡಿತ ಸಡಿಲುತ್ತದೆ. ಅಷ್ಟು ಹೊತ್ತು ಬಿಡುವಿಲ್ಲದ ದಿನ ಕಥೆಯನ್ನು ಆರಂಭಿಸಲೇಬೇಡಿ.

ಮುಗಿದ ಮೇಲೆ ಮುಂದಿನದಕ್ಕೆ ಹೋಗದಿರುವುದು ಎಲ್ಲಕ್ಕಿಂತ ಮುಖ್ಯ. ಆ ದಿನಕ್ಕೆ ಆ ಕಥೆ ಸಾಕು. ಮರುದಿನ ಅದರ ಮೊದಲ ಎರಡು ಪುಟಗಳನ್ನು ಮತ್ತೆ ಓದಿ. ನಾನು ಓದಿದ ಒಂದು ಕಥೆಯ ಆರಂಭದಲ್ಲಿ ತಾಯಿಯೊಬ್ಬಳು ಹಿತ್ತಿಲ ಬಾಗಿಲಿನ ತಿರುಗಣಿಗೆ ಎಣ್ಣೆ ಬಿಡುತ್ತಾಳೆ. ಮೊದಲ ಓದಿನಲ್ಲಿ ಅದು ಮನೆಗೆಲಸದ ಒಂದು ಸಾಲು, ಅಷ್ಟೆ. ಕೊನೆಯಲ್ಲಿ ಮಗ ರಾತ್ರೋರಾತ್ರಿ ಅದೇ ಬಾಗಿಲಿನಿಂದ ಸದ್ದಿಲ್ಲದೆ ಮನೆಬಿಟ್ಟು ಹೋಗುತ್ತಾನೆ. ಮರುದಿನ ಆರಂಭಕ್ಕೆ ಮರಳಿದಾಗ ಎಣ್ಣೆಯ ಆ ಸಾಲಿನಲ್ಲಿ ನಾನು ನಿಂತುಬಿಟ್ಟೆ. ಅವಳಿಗೆ ಮೊದಲೇ ಗೊತ್ತಿತ್ತು. ತಡೆಯಲಿಲ್ಲ, ತಂದೆಗೆ ಎಚ್ಚರವಾಗದಿರಲಿ ಎಂದು ದಾರಿಯನ್ನೂ ಮಾಡಿಕೊಟ್ಟಿದ್ದಳು. ಇಡೀ ಕಥೆಯಲ್ಲಿ ಲೇಖಕಿ ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಅಂದೇ ಮುಂದಿನ ಕಥೆಗೆ ಹಾರಿದ್ದರೆ ಆ ತಾಯಿ ನನಗೆ ಸಿಗುತ್ತಲೇ ಇರಲಿಲ್ಲ.

ಪ್ರಬಂಧದ ದಾರಿ ಬೇರೆ. ಅದನ್ನು ತುಂಡುತುಂಡಾಗಿ ಓದಬಹುದು, ನಡುವೆ ಎದ್ದುಹೋಗಬಹುದು. 1580ರಲ್ಲಿ ಪ್ರಬಂಧಗಳ ಮೊದಲ ಸಂಪುಟಗಳನ್ನು ಪ್ರಕಟಿಸಿದ ಫ್ರಾನ್ಸಿನ ಮೊಂಟೇನ್, 1592ರಲ್ಲಿ ತೀರಿಕೊಳ್ಳುವವರೆಗೂ ತನ್ನದೇ ಪ್ರತಿಯ ಅಂಚುಗಳಲ್ಲಿ ಹೊಸ ಮಾತುಗಳನ್ನು ಸೇರಿಸುತ್ತಲೇ ಇದ್ದ. ಪ್ರಬಂಧ ಇನ್ನೂ ನಡೆಯುತ್ತಿರುವ ಯೋಚನೆ. ಓದುಗರೂ ಅಂಚಿನಲ್ಲಿ ಬರೆಯಲಿ. ‘ಇದನ್ನು ಒಪ್ಪುವುದಿಲ್ಲ’ ಎಂದು ಬರೆದರೂ ಸರಿ, ಏಕೆ ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸಿ. ಲಲಿತ ಪ್ರಬಂಧವಾದರೆ ಒಂದು ಪುಟವನ್ನಾದರೂ ಗಟ್ಟಿಯಾಗಿ ಓದಿ. ಎಲ್ಲಿ ತುಂಟತನವಿದೆ, ಎಲ್ಲಿ ನೋವನ್ನು ಮರೆಮಾಡಲಾಗಿದೆ ಎಂಬುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ.

ಭಾರವಾದ ಕಥೆಯ ಮರುದಿನ ಹಗುರವಾದ ಪ್ರಬಂಧವನ್ನು ಆರಿಸಿಕೊಳ್ಳಿ, ಪುಟಸಂಖ್ಯೆಗೆ ಅಂಜಬೇಕಿಲ್ಲ. ರುಚಿಸದ ಬರಹವನ್ನು ಬಿಟ್ಟುಬಿಡಿ, ಪರಿವಿಡಿಯಲ್ಲಿ ಒಂದು ಗುರುತು ಹಾಕಿಡಿ. ಕೆಲವು ವರ್ಷ ಕಳೆದು ನೋಡಿದರೆ ಅಂಥವುಗಳಲ್ಲೇ ಒಂದೆರಡು ಮನಸ್ಸಿಗೆ ಹಿಡಿಸುವುದುಂಟು.

ಇನ್ನು, ಮೆಚ್ಚಿದ ಲೇಖಕರ ವಿಷಯ. ಪ್ರಾತಿನಿಧಿಕ ಸಂಕಲನಗಳಿಗೆ ಹೆಚ್ಚಾಗಿ ಸೇರುವುದು ಆ ಲೇಖಕರ ಹೆಸರಾದ ಬರಹವೇ. ಅವರದೇ ಸಂಕಲನವನ್ನು ಗ್ರಂಥಾಲಯದಲ್ಲಿ ಹುಡುಕಿ, ಯಾರೂ ಹೆಸರೆತ್ತದ ಕಥೆಯೊಂದನ್ನು ಮೊದಲು ಓದಿ. ಅದೂ ಹಿಡಿಸಿದರೆ ಉಳಿದವನ್ನೆಲ್ಲ ಧೈರ್ಯವಾಗಿ ಓದಬಹುದು.