ಕೆರೆಯೊಳಗೆ ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ? ಅಳೆಯುವ ಸರಿಯಾದ ಕ್ರಮ

ಪಿಲಿಕುಳದಲ್ಲೋ ಮಣಿಪಾಲದ ಮಣ್ಣಪಳ್ಳದಲ್ಲೋ ನೀರಿನ ಅಧ್ಯಯನಕ್ಕೆ ಹೊರಡುವ ವಿದ್ಯಾರ್ಥಿಗಳು, ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ ಸೆಕ್ಕಿ ತಟ್ಟೆಯನ್ನು ಸರಸರನೆ ಮುಳುಗಿಸಿ, ಕಣ್ಮರೆಯಾದ ಕೂಡಲೇ ಅಂಕಿ ಬರೆದುಕೊಂಡು ಹಿಂತಿರುಗುವುದನ್ನು ಕಂಡು ಈ ಲೇಖನ ಬರೆಯಬೇಕಾಯಿತು. ಇಟಲಿಯ ಖಗೋಳವಿಜ್ಞಾನಿ ಆಂಜೆಲೊ ಸೆಕ್ಕಿ 1865ರಲ್ಲಿ ಪ್ರಯೋಗಿಸಿದ ಈ ತಟ್ಟೆ ಇಂದಿಗೂ ನಂಬಿಕೆಗೆ ಅರ್ಹವಾದ ಸಾಧನ.

ಮೊದಲು ತಟ್ಟೆ. 20 ಸೆಂ.ಮೀ. ವ್ಯಾಸದ ತಗಡನ್ನು ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿದು, ಅಡಿಗೆ ಭಾರ ಕಟ್ಟಿ. ಹೊಳೆಯುವ ಎನಾಮಲ್ ಬೇಡವೇ ಬೇಡ. ನೈಲಾನ್ ಹಗ್ಗ ಎಳೆತಕ್ಕೆ ಹಿಗ್ಗುವುದರಿಂದ ಫೈಬರ್ ಗ್ಲಾಸ್ ಅಳತೆ ಟೇಪನ್ನೇ ಬಳಸಿ. ಅದರ ಸೊನ್ನೆ ತಟ್ಟೆಯ ಮೇಲ್ಮೈಗೆ ಸರಿಹೊಂದಿರಲಿ.

ಕಷ್ಟವಿರುವುದು ನೋಡುವುದರಲ್ಲಿ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ, ದೋಣಿಯ ನೆರಳಿರುವ ಬದಿಯಲ್ಲಿ, ತಂಪು ಕನ್ನಡಕ ತೆಗೆದಿಟ್ಟು, ತಟ್ಟೆಯನ್ನು ನಿಧಾನವಾಗಿ ಇಳಿಸಿ. ಅದು ಮೊದಲು ಅಂಚು ಕಳೆದುಕೊಂಡು ಹಸಿರು ಮಿಶ್ರಿತ ಮಬ್ಬು ಕಲೆಯಾಗುತ್ತದೆ. ಆಗಲೇ ನಿಲ್ಲಿಸಬೇಡಿ, ಕಲೆಯೂ ಕರಗಿಹೋಗಲಿ. ಆ ಕ್ಷಣದಲ್ಲಿ ನೀರಿನ ಮಟ್ಟಕ್ಕೆ ಸರಿಯಾಗಿ ಟೇಪಿಗೆ ಬಟ್ಟೆಯ ಕ್ಲಿಪ್ ಸಿಕ್ಕಿಸಿ. ಇನ್ನೂ ಸ್ವಲ್ಪ ಇಳಿಸಿ, ಕಣ್ಣು ಹೊಂದಿಕೊಳ್ಳಲು ಬಿಟ್ಟು, ಮೆಲ್ಲನೆ ಮೇಲೆಳೆಯಿರಿ. ಮತ್ತೆ ಕಾಣಿಸಿದಲ್ಲಿ ಎರಡನೆಯ ಕ್ಲಿಪ್. ಎರಡರ ಸರಾಸರಿಯೇ ಸೆಕ್ಕಿ ಆಳ. ಗಾಳಿಗೆ ದೋಣಿ ಸರಿದು ಟೇಪು ಓರೆಯಾದರೆ ಆಳ ಇದ್ದುದಕ್ಕಿಂತ ಹೆಚ್ಚು ಬರುತ್ತದೆ. ಅಂಥ ಅಳತೆಯನ್ನು ಕೈಬಿಟ್ಟು ಮತ್ತೊಮ್ಮೆ ಇಳಿಸಿ.

ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಲಕ್ಸ್ ಆ್ಯಪ್‌ನಿಂದ ಅಳೆಯುವ ಅಡ್ಡದಾರಿಯನ್ನು ನಾನು ಒಪ್ಪುವುದಿಲ್ಲ. ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಬೆಳಕು ಎಷ್ಟು ಪ್ರಖರವಾಗಿ ತೋರುತ್ತದೆ ಎಂಬುದರ ಅಳತೆ. ಜಲಸಸ್ಯಗಳಿಗೆ ಬೇಕಾದ 400ರಿಂದ 700 ನ್ಯಾನೋಮೀಟರ್ ವ್ಯಾಪ್ತಿಯ ಬೆಳಕಿಗೆ ನೀರಿನಲ್ಲಿ ಮುಳುಗಿಸಬಹುದಾದ, ಬೆಳಕಿನ ಕಣಗಳ ಲೆಕ್ಕದಲ್ಲಿ ಅಳೆಯುವ ಕ್ವಾಂಟಮ್ ಸೆನ್ಸರ್ ಬೇಕು.

ಲೆಕ್ಕ ಸುಲಭ. 1.7ನ್ನು ಮೀಟರಿನಲ್ಲಿರುವ ಸೆಕ್ಕಿ ಆಳದಿಂದ ಭಾಗಿಸಿದರೆ ಬೆಳಕು ಕ್ಷೀಣಿಸುವ ಗುಣಾಂಕ ಸಿಗುತ್ತದೆ. ತಟ್ಟೆ 85 ಸೆಂ.ಮೀ.ಗೆ ಮರೆಯಾದರೆ ಗುಣಾಂಕ 2, 4.6ನ್ನು ಅದರಿಂದ ಭಾಗಿಸಿದಾಗ ಬರುವ 2.3 ಮೀಟರ್ ಆಳದಲ್ಲಿ ಮೇಲ್ಮೈ ಬೆಳಕಿನ ಶೇ 1ರಷ್ಟು ಮಾತ್ರ ಉಳಿದಿರುತ್ತದೆ. ಪಾಚಿಯೂ ಮುಳುಗುಸಸ್ಯಗಳೂ ಬೆಳೆಯುವ ವಲಯದ ತಳವನ್ನು ಸಾಮಾನ್ಯವಾಗಿ ಅಲ್ಲಿಗೇ ಗುರುತಿಸುತ್ತಾರೆ. ಆದರೆ ಮಳೆಗಾಲದಲ್ಲಿ ಮುರಕಲ್ಲಿನ ಕೆಂಪು ಮಣ್ಣು ಕಲಸಿದ ನೀರಿಗೆ 1.7 ಹೊಂದುವುದಿಲ್ಲ, ಆಗ ಸೆಕ್ಕಿ ಆಳವನ್ನಷ್ಟೇ ದಾಖಲಿಸಿ. ತಟ್ಟೆ ಕೆರೆಯ ತಳ ಮುಟ್ಟಿದರೂ ಕಾಣುತ್ತಲೇ ಇದ್ದರೆ ಆ ಆಳವನ್ನು ಸೆಕ್ಕಿ ಆಳವೆಂದು ಬರೆಯದೆ, ‘ತಳದವರೆಗೂ ಕಂಡಿತು’ ಎಂದೇ ಬರೆಯಿರಿ.